ನಾಲ್ಕನೇ ಬಿಗಿತ

ನಮ್ಮ ಆಸ್ಪತ್ರೆಯಲ್ಲಿ ನನ್ನನ್ನು ದೇವರಂಥವಳು ಅನ್ನುತ್ತಾರೆ. ಹಾಗೆ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೃದಯ ವಿಭಾಗದ ಲಿಫ್ಟಿನ ಪಕ್ಕದ ಗೋಡೆಗೆ ಕಟ್ಟು ಹಾಕಿಸಿದ ಪ್ರಶಂಸಾಪತ್ರವೊಂದನ್ನು ತೂಗುಹಾಕಿದ್ದಾರೆ. ಅದರಲ್ಲಿ ನನ್ನ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ 'ಸ್ವಂತ ಅಣ್ಣನಿಗಿಂತ ರೋಗಿಯೇ ಮೊದಲು' ಎಂಬ ಬರಹ. ಆವತ್ತು ಅಣ್ಣನೂ ರೋಗಿಯೇ ಆಗಿದ್ದ ಎನ್ನುವುದು ಬರೆದವರ ತಲೆಗೆ ಹೊಳೆದಿಲ್ಲ. ನಾನು ಲಿಫ್ಟಿನ ಕಡೆ ಹೋಗುವುದನ್ನು ಬಿಟ್ಟು ಎರಡು ವರ್ಷವಾಯಿತು. ನಾಲ್ಕು ಮಹಡಿ ಮೆಟ್ಟಿಲು ಹತ್ತುತ್ತೇನೆ. ಆರೋಗ್ಯದ ಮೇಲೆ ಎಷ್ಟು ಕಾಳಜಿ ನೋಡಿ ಅಂತ ಅದಕ್ಕೂ ಹೊಗಳುತ್ತಾರೆ.

ನಾನು ನರ್ಸು. ಆಗ ನನಗಿದ್ದ ಅಡ್ಡಹೆಸರು ಪಟ್ಟಿ ಸಿಸ್ಟರ್. ಬಿ.ಪಿ. ನೋಡುವಾಗ ತೋಳಿಗೆ ಸುತ್ತುವ ಪಟ್ಟಿ ಇದೆಯಲ್ಲ, ಅದನ್ನು ಹೃದಯಾಘಾತವಾಗಿ ಬಂದವರ ತೋಳಿಗೆ ಕಟ್ಟುವುದು ನನ್ನ ಕೆಲಸ. ಬಿ.ಪಿ. ನೋಡುವುದಕ್ಕಲ್ಲ, ಹೃದಯ ಉಳಿಸುವುದಕ್ಕೆ. ಕೇಳಿದವರು ನಗುತ್ತಿದ್ದರು. ಮೊದಲ ದಿನ ನಾನೂ ನಕ್ಕಿದ್ದೆ.

ವಿಷಯ ಇಷ್ಟೇ. ಹೃದಯದ ರಕ್ತನಾಳ ಕಟ್ಟಿಕೊಂಡರೆ ಅದರ ಆಚೆಗಿನ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಸತ್ತದ್ದು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ರೋಗಿಯನ್ನು ಬೇಗ ಟೇಬಲ್ ಮೇಲೆ ಮಲಗಿಸಿ, ತಂತಿ ತೂರಿಸಿ, ಬಲೂನು ಉಬ್ಬಿಸಿ ನಾಳ ಬಿಡಿಸಬೇಕು. ಅದನ್ನು ಮಾಡುವವರನ್ನು ನಾವು ಬಲೂನ್ ಡಾಕ್ಟರ್ ಅನ್ನುತ್ತಿದ್ದೆವು. ಆದರೆ ಇದರಲ್ಲೂ ಒಂದು ಕುತ್ತಿದೆ. ನಿಂತಿದ್ದ ರಕ್ತ ಒಮ್ಮೆಲೇ ನುಗ್ಗಿದಾಗ, ಅಲ್ಲಿಯವರೆಗೆ ಹೇಗೋ ಜೀವ ಹಿಡಿದುಕೊಂಡಿದ್ದ ಸ್ನಾಯುವಿನಲ್ಲೂ ಒಂದಷ್ಟು ಆ ಭರಕ್ಕೇ ಸಾಯುತ್ತದೆ. ಆ ನಷ್ಟವನ್ನು ತಗ್ಗಿಸಬಹುದೇ ಎಂದು ನೋಡುವುದು ನಮ್ಮ ವಿಭಾಗದ ಹಿರಿಯ ವೈದ್ಯೆ, ನಾವೆಲ್ಲ ಮೇಡಂ ಅನ್ನುವವರು, ನಡೆಸುತ್ತಿದ್ದ ಅಧ್ಯಯನ. ತೋಳಿನ ರಕ್ತ ನಿಲ್ಲುವಷ್ಟು ಪಟ್ಟಿ ಬಿಗಿದು ಐದು ನಿಮಿಷ ಇಡಬೇಕು, ಐದು ನಿಮಿಷ ಸಡಿಲ ಬಿಡಬೇಕು. ಹೀಗೆ ನಾಲ್ಕು ಸಲ. ತೋಳು ಪಡುವ ಕಷ್ಟ ಹೇಗೋ ಹೃದಯಕ್ಕೆ ತಿಳಿದು ಅದು ಮೈ ಗಟ್ಟಿ ಮಾಡಿಕೊಳ್ಳುತ್ತದಂತೆ. ನೆಂಟರು ಬರುತ್ತಿದ್ದಾರೆ, ಮನೆ ಓರಣ ಮಾಡಿಕೋ ಅಂತ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಕೂಗಿ ಹೇಳಿದಂತೆ.

ಇದು ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಾಗಬೇಕಾದರೆ ಅರ್ಧ ಜನರಿಗೆ ನಿಜವಾಗಿ ಬಿಗಿಯಬೇಕು, ಇನ್ನರ್ಧ ಜನರಿಗೆ ಬಿಗಿದಂತೆ ನಟಿಸಬೇಕು. ಯಾರಿಗೆ ಯಾವುದು ಎಂದು ಅಂಟಿಸಿಟ್ಟ ಲಕೋಟೆ ಹೇಳುತ್ತದೆ. ರೋಗಿ ಒಪ್ಪಿ ಸಹಿ ಹಾಕಿದ ಮೇಲೆ ಸಾಲಿನಲ್ಲಿ ಮುಂದಿರುವ ಲಕೋಟೆ ಒಡೆಯುವುದು. ಒಳಗಿನ ಚೀಟಿಯಲ್ಲಿ 'ನಿಜ' ಅಂತ ಇರುತ್ತದೆ, ಇಲ್ಲವೇ 'ನಾಟಕ' ಅಂತ. ಅದು ನನಗೊಬ್ಬಳಿಗೇ ಗೊತ್ತಿರಬೇಕು. ಪಟ್ಟಿ ಉಬ್ಬಿಸುವ ಯಂತ್ರದ ಮುಖ ನನ್ನ ಕಡೆಗೆ, ರೋಗಿಯ ತೋಳಿನ ಮೇಲೆ ಬಟ್ಟೆ. ಬಲೂನ್ ಡಾಕ್ಟರಿಗೂ ಗೊತ್ತಾಗಕೂಡದು, ಮೇಡಂಗೂ ಗೊತ್ತಾಗಕೂಡದು. ಬಾಯಿಗೆ ಬೀಗ ಹಾಕಿಕೊಂಡಿರುವುದೇ ನನ್ನ ಕೆಲಸದ ಮುಕ್ಕಾಲು ಪಾಲು. ಅದರಲ್ಲಿ ನಾನು ಬಹಳ ಪಳಗಿದ್ದೆ, ಆಮೇಲೆ ಎರಡು ವರ್ಷ ಅದೇ ಉಪಯೋಗಕ್ಕೆ ಬಂತು.

ಫೈಲಿನ ಮೊದಲ ಪುಟದಲ್ಲಿ ಮೇಡಂ ಕೆಂಪು ಶಾಯಿಯಲ್ಲಿ ಒಂದೇ ಒಂದು ನಿಯಮ ಬರೆದಿದ್ದರು. ಟೇಬಲ್ ಖಾಲಿಯಾದ ಕ್ಷಣ ರೋಗಿ ಹೊರಡಬೇಕು, ಪಟ್ಟಿ ಎಷ್ಟು ಸಲ ಆಗಿದೆಯೋ ಅಷ್ಟೇ ಸಾಕು, ಪಟ್ಟಿಗಾಗಿ ಯಾರನ್ನೂ ಕಾಯಿಸುವಂತಿಲ್ಲ.

ನನಗೆ ಮಾತ್ರ ಆ ನಾಲ್ಕನೇ ಸಲದ ಮೇಲೆ ಭಾರಿ ನಂಬಿಕೆ. ನನ್ನದೇ ಒಂದು ಪುಟ್ಟ ನೋಟ್‌ಬುಕ್ ಇತ್ತು. ಯಾರಿಗೆ ಎಷ್ಟು ಬಿಗಿತ ಆಯಿತು, ಆಮೇಲೆ ಎಕೋ ಸ್ಕ್ಯಾನಿನಲ್ಲಿ ಹೃದಯ ಹೇಗಿತ್ತು ಅಂತ ಕದ್ದು ಬರೆದಿಟ್ಟುಕೊಳ್ಳುತ್ತಿದ್ದೆ. ನಾಲ್ಕೂ ಪೂರ್ತಿಯಾದವರು ಚೆನ್ನಾಗಿದ್ದರು, ಎರಡಕ್ಕೇ ಎದ್ದು ಹೋದವರು ಅಷ್ಟಕ್ಕಷ್ಟೆ. ಅರವತ್ತು ಜನರನ್ನು ನೋಡಿ ನಾನೇ ಪಂಡಿತಳಾಗಿಬಿಟ್ಟಿದ್ದೆ. ಮೇಡಂ ಸಾವಿರಾರು ಜನರ ಫಲಿತಾಂಶಕ್ಕೆ ಕಾಯುತ್ತಿದ್ದರು, ನನಗೆ ನನ್ನ ನೋಟ್‌ಬುಕ್ಕೇ ಸಾಕಾಗಿತ್ತು.

ಅರವತ್ತೊಂದನೆಯವನಾಗಿ ನನ್ನ ಅಣ್ಣ ಬಂದ.

ಅಣ್ಣನದು ಗಾಜಿನ ಕೆಲಸ. ಕಿಟಕಿಗೆ ಅಳತೆ ತೆಗೆದು, ಗಾಜು ಕೊಯ್ದು, ಹೊತ್ತುಕೊಂಡು ಹೋಗಿ ಕೂರಿಸಿ ಬರುತ್ತಾನೆ. ಬರುತ್ತಿದ್ದ ಅನ್ನಬೇಕು. ಆಳೆತ್ತರದ ಗಾಜನ್ನು ಬಗಲಿಗೆ ಹಾಕಿಕೊಂಡು ಐದು ಮಹಡಿ ಹತ್ತಿ, ಮೇಲೆ ನಿಂತು ಸಿಳ್ಳೆ ಹಾಕುವಷ್ಟು ಉಸಿರಿರುತ್ತಿತ್ತು ಅವನಿಗೆ. ಗಿರಾಕಿಗಳು ಗಾಜಿನಣ್ಣ ಅಂತಲೇ ಕರೆಯುವುದು. ಆವತ್ತು ಬೆಳಗ್ಗೆ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಅತ್ತಿಗೆಯ ಫೋನು ಬಂತು. "ನಿಮ್ಮಣ್ಣ ಬೆವರಲ್ಲಿ ನೆಂದು ಹೋಗಿದಾರೆ, ಎದೆ ಹಿಡ್ಕೊಂಡು ಕೂತಿದಾರೆ. ಅಲ್ಲಿಗೇ ಕರ್ಕೊಂಡು ಬರ್ತಿದೀನಿ," ಅಂದಳು. ಹತ್ತು ನಿಮಿಷದಲ್ಲಿ ಬಂದರು. ಅಣ್ಣನ ಉಗುರಿನ ಸಂದಿಯಲ್ಲಿ ಗಾಜಿಗೆ ಮೆತ್ತುವ ಪುಟ್ಟಿಯ ಬಿಳಿ ಹಾಗೇ ಇತ್ತು. ಇಸಿಜಿ ನೋಡಿದ ಕೂಡಲೇ ಗೊತ್ತಾಯಿತು. ಹೃದಯದ ಮುಂಭಾಗದ ದೊಡ್ಡ ನಾಳವೇ ಕಟ್ಟಿಕೊಂಡಿತ್ತು.

ನಮ್ಮಲ್ಲಿರುವುದು ಒಂದೇ ಟೇಬಲ್. ಅದರ ಮೇಲೆ ಅಜ್ಜಿಯೊಬ್ಬರು ಮಲಗಿದ್ದರು. ಇನ್ನು ಅರ್ಧ ಗಂಟೆ ಬೇಕು ಅಂತ ಒಳಗಿನಿಂದ ಹೇಳಿ ಕಳಿಸಿದರು. ಅಣ್ಣನಿಗೆ ಮಾತ್ರೆ, ಇಂಜೆಕ್ಷನ್ ಎಲ್ಲ ಕೊಟ್ಟಾಯಿತು. ಪಟ್ಟಿಯ ಒಪ್ಪಿಗೆ ಪತ್ರಕ್ಕೆ ಓದದೆಯೇ ಸಹಿ ಹಾಕಿದ. "ನೀನು ಕಟ್ಟೋದಾದ್ರೆ ಕತ್ತಿಗೇ ಕಟ್ಟು, ನಂಗೇನು," ಅಂದ. ಆ ನೋವಿನಲ್ಲೂ ಅವನಿಗೆ ತಮಾಷೆ.

ನಾನು ಮೂಲೆಗೆ ಹೋಗಿ ಲಕೋಟೆ ಒಡೆದೆ. 'ನಾಟಕ'.

ಆ ಚೀಟಿಯನ್ನು ಎಷ್ಟು ಹೊತ್ತು ನೋಡುತ್ತಾ ನಿಂತಿದ್ದೆನೋ. ನನ್ನ ಅಣ್ಣ, ನನ್ನ ಕೈಯಲ್ಲೇ ಪಟ್ಟಿ, ನಾನು ಸುಮ್ಮನೆ ಯಂತ್ರ ಗುಂಯ್‌ಗುಟ್ಟಿಸಿ ಅವನ ಮುಂದೆ ನಾಟಕ ಮಾಡಬೇಕು! ಎಲ್ಲಿತ್ತೋ ಆ ಧೈರ್ಯ, ಸಾಲಿನಲ್ಲಿ ಅದರ ಹಿಂದಿದ್ದ ಲಕೋಟೆಯನ್ನೂ ಒಡೆದೆ. 'ನಿಜ' ಅಂತಿತ್ತು. ಅದರ ಮೇಲೆ ಅಣ್ಣನ ಹೆಸರು ಬರೆದೆ. ಮೊದಲನೆಯದನ್ನು ಮತ್ತೆ ಅಂಟಿಸಿ ಸಾಲಿನ ಮುಂದಿಟ್ಟೆ. ಮುಂದೆ ಬರುವವರು ಯಾರೋ, ಅವರಿಗಿರಲಿ. ಅವರಿಗೆ ಮುಖವಿರಲಿಲ್ಲವಲ್ಲ, ಅದಕ್ಕೇ ಅಷ್ಟು ಸುಲಭವಾಯಿತು.

ಎಂಟು ನಿಮಿಷಕ್ಕೆ ಆ ಮುಖ ಬಂತು. ಸಿಟಿ ಬಸ್ಸಿನ ಡ್ರೈವರ್, ಸಮವಸ್ತ್ರದಲ್ಲೇ ಬಂದಿದ್ದ, ಪಕ್ಕದಲ್ಲಿ ಹೆಂಡತಿ. ಅದೇ ರೋಗ. ಅವನ ತೋಳಿಗೆ ನಾಟಕದ ಪಟ್ಟಿ ಸುತ್ತಿ ಬಟ್ಟೆ ಮುಚ್ಚಿದೆ. ಇಬ್ಬರ ನಡುವೆ ಒಂದು ಪರದೆ.

ಅಣ್ಣನ ಮೊದಲ ಬಿಗಿತ ಶುರುವಾದದ್ದು ಹನ್ನೊಂದೂ ಕಾಲಿಗೆ. ಮೂರನೆಯದು ಮುಗಿದು ಪಟ್ಟಿ ಸಡಿಲ ಬಿಟ್ಟದ್ದು ಹನ್ನೊಂದೂ ನಲವತ್ತಕ್ಕೆ. ಮರು ನಿಮಿಷವೇ ಒಳಗಿನ ಬಾಗಿಲು ತೆರೆಯಿತು, ಅಜ್ಜಿಯ ಸ್ಟ್ರೆಚರ್ ಹೊರಗೆ ಬಂತು. ಬಲೂನ್ ಡಾಕ್ಟರ್ ಮುಖಗವಸು ಕೆಳಗೆಳೆದು, "ಸಿಸ್ಟರ್, ನಿಮ್ಮಣ್ಣನ್ನ ತನ್ನಿ," ಅಂದರು.

ನಾಲ್ಕನೆಯದಕ್ಕೆ ಇನ್ನು ಒಂಬತ್ತು ನಿಮಿಷ ಬೇಕಿತ್ತು. ಒಂಬತ್ತೇ ನಿಮಿಷ. ಈಗ ಹೋದರೆ ನಾಳ ಬಿಟ್ಟುಕೊಂಡು ರಕ್ತ ನುಗ್ಗುತ್ತದೆ, ಹೃದಯ ಇನ್ನೂ ಮುಕ್ಕಾಲು ತಯಾರಿಯಲ್ಲಿದೆ, ಅಣ್ಣ ಆ ಅಷ್ಟಕ್ಕಷ್ಟೆಯವರ ಸಾಲಿಗೆ ಸೇರಿಹೋಗುತ್ತಾನೆ. ನನ್ನ ತಲೆಯಲ್ಲಿ ಓಡಿದ್ದು ಇದೊಂದೇ. ಕೆಂಪು ಶಾಯಿಯ ನಿಯಮ ಓಡಲಿಲ್ಲ.

"ಡಾಕ್ಟ್ರೇ, ಅವನಿಗೆ ವಾಂತಿ ಬರೋ ಹಾಗಿದೆ. ಹತ್ತು ನಿಮಿಷ ಕೊಡಿ," ಎಂದು ಬಾಗಿಲ ಹತ್ತಿರ ಹೋಗಿ ಪಿಸುಗುಟ್ಟಿದೆ.

"ಟೇಬಲ್ ಖಾಲಿ ಇಟ್ಕೊಂಡು ಕೂರೋಕಾಗುತ್ತಾ? ಹಾಗಾದ್ರೆ ಆ ಡ್ರೈವರ್‌ನ ತಗೋತೀನಿ."

ಆಗ ಬೇಡ ಅನ್ನಬಹುದಿತ್ತು. ವಾಂತಿ ನಿಂತಿತು, ಅಣ್ಣನೇ ಬರಲಿ ಅನ್ನಬಹುದಿತ್ತು. ಒಬ್ಬರದು ಮುಗಿಯಲು ಅರ್ಧ ಗಂಟೆ, ಅಷ್ಟು ಹೊತ್ತು ಪಟ್ಟಿ ಕಾಪಾಡುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಬಾಯಿ "ಸರಿ ಡಾಕ್ಟ್ರೇ" ಅಂದುಬಿಟ್ಟಿತು.

ಅಣ್ಣನ ಸರದಿಯನ್ನು ತಕರಾರಿಲ್ಲದೆ ಬಿಟ್ಟುಕೊಟ್ಟೆ ಅಂತ ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ನಿಮ್ಮದು ದೊಡ್ಡ ಮನಸ್ಸು, ಸಿಸ್ಟರ್," ಅಂದರು. ಡ್ರೈವರನ ಹೆಂಡತಿ ಅದನ್ನು ಕೇಳಿಸಿಕೊಂಡಳು. ಅತ್ತಿಗೆಯೂ ಕೇಳಿಸಿಕೊಂಡಳು. ಅಣ್ಣ ಪರದೆಯ ಈಚೆಯಿಂದ, ಇದ್ದ ಉಸಿರೆಲ್ಲ ಒಟ್ಟುಗೂಡಿಸಿ, "ಹೋಗ್ಲಿ ಬಿಡು ಪುಟ್ಟಿ, ಅವ್ರೇ ಮೊದ್ಲು ಹೋಗ್ಲಿ. ಅವ್ರು ನಿಂತ್ರೆ ಬಸ್ಸೇ ನಿಲ್ಲುತ್ತೆ. ನಾನು ನಿಂತ್ರೆ ಒಂದು ಕಿಟಕಿ ತಾನೇ," ಅಂದ.

ನಾಲ್ಕನೇ ಬಿಗಿತ ಸರಿಯಾಗಿ ಹನ್ನೊಂದೂ ಐವತ್ತಕ್ಕೆ ಮುಗಿಯಿತು. ನನ್ನ ನೋಟ್‌ಬುಕ್ಕಿನಲ್ಲಿ ಅಣ್ಣನ ಮುಂದೆ ನಾಲ್ಕು ಗೀಟು ಎಳೆದೆ. ನೆನೆದರೆ ಆ ಕೈ ಕತ್ತರಿಸಿಕೊಳ್ಳಬೇಕು ಅನ್ನಿಸುತ್ತದೆ, ಅಷ್ಟು ಸಮಾಧಾನದಿಂದ ಎಳೆದಿದ್ದೆ.

ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಡ್ರೈವರನ ನಾಳ ಸೊಟ್ಟ, ತಂತಿ ಒಳಗೆ ಹೋಗುತ್ತಿಲ್ಲ ಅಂತ ಸುದ್ದಿ ಬಂತು. ಹನ್ನೆರಡಾಯಿತು. ಹನ್ನೆರಡೂ ಹತ್ತಾಯಿತು. ಅಣ್ಣನ ತಮಾಷೆ ನಿಂತಿತು, ತುಟಿ ಬೂದಿ ಬಣ್ಣಕ್ಕೆ ತಿರುಗಿತು. ಹನ್ನೆರಡೂ ಕಾಲಿಗೆ ಬಿ.ಪಿ. ಇಳಿಯಿತು. ನಾನು ಬಾಗಿಲು ಬಡಿದೆ, ಗಾಜಿನಾಚೆಯಿಂದ ಬಲೂನ್ ಡಾಕ್ಟರ್ ತಲೆಯೆತ್ತದೆ ಕೈಯಾಡಿಸಿದರು. ತಂತಿ ಅರ್ಧ ಒಳಗಿರುವವನನ್ನು ಎಬ್ಬಿಸಿ ಕಳಿಸುವುದು ಯಾರಿಂದಲೂ ಆಗುವ ಮಾತಲ್ಲ. ಅಣ್ಣ ಟೇಬಲ್ ಸೇರಿದಾಗ ಹನ್ನೆರಡೂ ಮೂವತ್ತೆಂಟು. ಹನ್ನೊಂದೂ ನಲವತ್ತೊಂದಕ್ಕೆ ಸೇರಬೇಕಾಗಿದ್ದವನು.

ಬದುಕಿದ. ಮಾರನೇ ದಿನ ಎಕೋ ಮಾಡಿದಾಗ ಪರದೆಯ ಮೇಲೆ ಅವನ ಹೃದಯದ ಮುಂಭಾಗದ ಗೋಡೆ ಅಲುಗದೆ ಬಿದ್ದುಕೊಂಡಿತ್ತು. ಪಂಪು ಮಾಡುವ ಶಕ್ತಿ ನೂರಕ್ಕೆ ಅರವತ್ತರ ಹತ್ತಿರ ಇರಬೇಕಾದದ್ದು ಇಪ್ಪತ್ತೆಂಟಿತ್ತು. ಡ್ರೈವರನದು ಐವತ್ತೈದು.

ಆವತ್ತಿನಿಂದ ಅತ್ತಿಗೆ ನನ್ನ ಜೊತೆ ಮಾತು ಬಿಟ್ಟಳು. ಬಿಡುವ ಮೊದಲು ವಾರ್ಡಿನ ಬಾಗಿಲಲ್ಲಿ ಒಂದೇ ಮಾತು ಕೇಳಿದಳು. "ಒಡಹುಟ್ಟಿದವನ ಸರದೀನ ದಾರೀಲಿ ಹೋಗೋನಿಗೆ ಕೊಟ್ಯಲ್ಲ, ನಿನ್ನ ದೊಡ್ಡಸ್ತಿಕೆಗೆ ನನ್ನ ಗಂಡನೇ ಬೇಕಾಗಿತ್ತಾ?" ನಿಜ ಹೇಳಿದ್ದರೆ ಲಕೋಟೆಯ ಕಳ್ಳತನ ಹೊರಬರುತ್ತಿತ್ತು, ಕೆಲಸ ಹೋಗುತ್ತಿತ್ತು. ಸುಳ್ಳೇಕೆ ಹೇಳಲಿ, ಹೆದರಿದ್ದೆ.

ಡ್ರೈವರನ ಹೆಂಡತಿ ಮೂರು ತಿಂಗಳಿಗೊಮ್ಮೆ ಗಂಡನನ್ನು ತಪಾಸಣೆಗೆ ಕರೆತರುವಾಗೆಲ್ಲ ನನ್ನನ್ನು ಹುಡುಕಿಕೊಂಡು ಬರುತ್ತಾಳೆ. ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಾಳೆ. "ಅಕ್ಕಾ, ನಿಮ್ಮಣ್ಣನ್ನ ಹಿಂದಕ್ಕಿಟ್ಟು ನನ್ನ ಸಂಸಾರ ಉಳಿಸಿದ್ರಿ." ಹಿಂದೆ ಅವನು ಗುಂಡುಕಲ್ಲಿನಂತೆ ನಿಂತಿರುತ್ತಾನೆ, ಮೂರನೇ ತಿಂಗಳಿಗೇ ಮತ್ತೆ ಬಸ್ ಹತ್ತಿದವನು. ಅವನ ಪಾಲಿನ ಪಟ್ಟಿ ಕದ್ದೆ ಅಂದುಕೊಂಡಿದ್ದೆ, ಕೊಟ್ಟದ್ದು ಟೇಬಲ್. ನನ್ನ ಕಳ್ಳತನಕ್ಕೂ ನೆಟ್ಟಗೊಂದು ಬುದ್ಧಿ ಇರಲಿಲ್ಲ. ಆ ಹೆಂಗಸೇ ಆಡಳಿತದವರಿಗೆ ಪತ್ರ ಬರೆದದ್ದು, ಅದರಿಂದಲೇ ಆ ಪ್ರಶಂಸಾಪತ್ರ, ಫೋಟೋ, ಚಪ್ಪಾಳೆ. ಬಲೂನ್ ಡಾಕ್ಟರ್ ಭಾಷಣ ಮಾಡುತ್ತಾ ಗದ್ಗದರಾದರು.

ಕಳೆದ ತಿಂಗಳು ಅಧ್ಯಯನದ ಫಲಿತಾಂಶ ಬಂತು. ಮಧ್ಯಾಹ್ನ ಸಭೆಯ ಕೋಣೆಯಲ್ಲಿ ಮೇಡಂ ಗೋಡೆಯ ಮೇಲೆ ಎರಡು ಗೆರೆ ತೋರಿಸಿದರು. ಒಂದು ನಿಜದ್ದು, ಒಂದು ನಾಟಕದ್ದು. ಎರಡೂ ಒಂದರ ಮೇಲೊಂದು ಮಲಗಿದ್ದವು. ಹಲವು ಆಸ್ಪತ್ರೆಗಳ ಸಾವಿರಾರು ಜನ, ಬಿಗಿದರೂ ಅಷ್ಟೇ, ಬಿಗಿಯದಿದ್ದರೂ ಅಷ್ಟೇ. ನಾಲ್ಕು ಪೂರ್ತಿಯಾದವರಿಗೂ ಎರಡಕ್ಕೇ ಎದ್ದವರಿಗೂ ವ್ಯತ್ಯಾಸವಿಲ್ಲ. ಮೇಡಂಗೆ ಬೇಸರವೇನೂ ಇದ್ದಂತೆ ಕಾಣಲಿಲ್ಲ. "ಇದೂ ಒಂದು ಉತ್ತರವೇ. ಒಂದು ಸಮಾಧಾನ ಅಂದ್ರೆ, ಪಟ್ಟಿಯಿಂದ ಯಾರಿಗೂ ಹಾನಿ ಆಗಿಲ್ಲ," ಅಂದರು. ಎಲ್ಲರೂ ಬಿಸ್ಕತ್ತು ತೆಗೆದುಕೊಂಡರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಹೇಳಿಬಿಡಬೇಕು ಅಂತ ಆ ಭಾನುವಾರವೇ ಅಣ್ಣನ ಮನೆಗೆ ಹೋದೆ. ಮುಂದಿನ ಕೋಣೆ ಅವನ ಅಂಗಡಿ. ಗೋಡೆಗೆ ಒರಗಿಸಿದ ಗಾಜುಗಳ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು. ಈಗ ಅವನು ಕೂತಲ್ಲೇ ಫೋಟೋ ಕಟ್ಟುಗಳಿಗೆ ಸಣ್ಣ ಗಾಜು ಕೊಯ್ದು ಕೊಡುತ್ತಾನೆ. ಹನ್ನೆರಡು ಮೆಟ್ಟಿಲಿದ್ದರೆ ನಡುವೆ ಎರಡು ಕಡೆ ನಿಲ್ಲಬೇಕು. ನಾನು ಹೋದಾಗ ಮೇಜಿನ ಮುಂದೆ ಕೂತು ಎಡತೋಳಿಗೆ ಬಿ.ಪಿ. ಪಟ್ಟಿ ಬಿಗಿದುಕೊಂಡು ಗಡಿಯಾರ ನೋಡುತ್ತಿದ್ದ. ದಿನಾ ಬೆಳಗ್ಗೆ ಐದೈದು ನಿಮಿಷ, ನಾಲ್ಕು ಸಲ. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಆವತ್ತು ಸ್ಟ್ರೆಚರಿನ ಮೇಲಿದ್ದ ಅವನ ಕಿವಿಯಲ್ಲಿ ನಾನು ಹೇಳಿದ್ದೆ, ಇದೇ ನಿನ್ನ ಹೃದಯ ಕಾಯೋದು ಅಂತ.

"ಬಾ ಪುಟ್ಟಿ. ಇದು ಮೂರನೇದು, ಇನ್ನೊಂದಿದೆ," ಅಂದ.

"ಅಣ್ಣ, ಅದನ್ನ ಬಿಚ್ಚು. ಅದರಿಂದ ಏನೂ ಆಗಲ್ವಂತೆ. ಫಲಿತಾಂಶ ಬಂತು."

"ಯಾರ ತೋಳು ನೋಡಿ ಹೇಳಿದ್ರು? ನನ್ನ ತೋಳನ್ನ ಕೇಳಿದ್ರಾ?" ಅಂತ ನಕ್ಕ.

ನಾನು ನಗಲಿಲ್ಲ. ಎಲ್ಲ ಹೇಳಿದೆ. ಲಕೋಟೆ ಒಡೆದದ್ದು, ಇನ್ನೊಂದು ಒಡೆದದ್ದು, ಮತ್ತೆ ಅಂಟಿಸಿದ್ದು. "ಟೇಬಲ್ ಖಾಲಿಯಾದಾಗ ಮೂರೇ ಆಗಿತ್ತು. ನಿನಗೆ ವಾಂತಿ ಬಂದಿರಲಿಲ್ಲ, ನಾನು ಸುಳ್ಳು ಹೇಳಿದೆ. ನಾಲ್ಕನೇದೂ ಆಗ್ಲಿ ಅಂತ ನಿನ್ನ ಹಿಡಿದಿಟ್ಕೊಂಡೆ. ಆ ಡ್ರೈವರ್ ಮೇಲೆ ಕರುಣೆಯಿಂದ ಅಲ್ಲ. ಅವನ ಮುಖ ಕೂಡ ನಾನು ಸರಿಯಾಗಿ ನೋಡಿರ್ಲಿಲ್ಲ."

ಪಟ್ಟಿಯ ಗಾಳಿ ಬುಸ್ಸೆಂದು ಬಿಟ್ಟಿತು. ಅಣ್ಣ ಗಡಿಯಾರದ ಮೇಲಿನ ಕಣ್ಣು ತೆಗೆಯಲಿಲ್ಲ.

"ಎಷ್ಟು ನಿಮಿಷ ಹೋಯ್ತು?"

"ಐವತ್ತೇಳು."

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಕೈ ಒದ್ದೆಯಿತ್ತು, ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬೈಯುತ್ತಾಳೆ, ಹೊರಗೆ ಹಾಕುತ್ತಾಳೆ ಅಂದುಕೊಂಡು ಎದ್ದು ನಿಂತೆ. ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು.

"ಅಂದ್ರೆ ಇವ್ರಿಗೋಸ್ಕರಾನೇ ಮಾಡಿದ್ದಾ?" ಅಂದಳು. ಎರಡು ವರ್ಷದ ಮೇಲೆ ನನಗೆ ಆಡಿದ ಮೊದಲ ಮಾತು ಅದು. "ಆ ಡ್ರೈವರ್‌ಗೆ ಅಂತ ಕೊಟ್ಟಿದ್ದಲ್ಲ ಹಾಗಾದ್ರೆ? ಇವ್ರು ಉಳೀಲಿ ಅಂತ ಮಾಡಿದ್ದಾ?"

ನಾನು ಹೂಂ ಅಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಚಹಾ ತಂದು ನನ್ನ ಮುಂದೆ ಇಟ್ಟಳು. "ಕುಡಿ, ಆರಿ ಹೋಗುತ್ತೆ," ಅಂದು ನನ್ನ ಪಕ್ಕದಲ್ಲೇ ಕೂತಳು. ಅವಳು ಕ್ಷಮಿಸಿಬಿಟ್ಟಿದ್ದಳು. ಇಷ್ಟು ಸುಲಭವಿತ್ತೇ ಅನ್ನಿಸಿತು ನನಗೆ.

ಅಣ್ಣ ಆಗ ಬಾಯಿ ತೆರೆದ. ಸಿಟ್ಟಿನ ದನಿಯಲ್ಲ, ದಾರಿ ಕೇಳುವವನ ದನಿ.

"ಪುಟ್ಟಿ, ಮೆಟ್ಟಿಲ ಮೇಲೆ ಉಸಿರು ಸಿಕ್ಕಿಹಾಕ್ಕೊಂಡಾಗೆಲ್ಲ ನಾನು ಒಂದು ಮಾತು ಅಂದ್ಕೋತಿದ್ದೆ. ಸರಿ, ಈ ಉಸಿರು ಆ ಡ್ರೈವರ್‌ಗೆ ಹೋಗಿದೆ, ನಾನೇ ಬಾಯಾರೆ ಹೋಗ್ಲಿ ಬಿಡು ಅಂದಿದ್ದೆ, ಅವನು ಬಸ್ ಓಡಿಸ್ತಿದಾನೆ ಅಂತ. ದಾರೀಲಿ ಬಸ್ ಕಂಡ್ರೆ ನಿಂತು ನೋಡ್ತಿದ್ದೆ, ಅವನೇ ಇರ್ಬಹುದು ಅಂತ. ಅದೊಂದಿತ್ತು ನಂಗೆ. ಈಗ ಏನಂತ ಅಂದ್ಕೊಳ್ಲಿ, ಹೇಳು?"

ಅವನು ಬರ್ರನೆ ಪಟ್ಟಿ ಕಿತ್ತು, ಅದರ ಟ್ಯೂಬು ಸುತ್ತಿ, ನೀಟಾಗಿ ಮಡಚಿ ನನ್ನ ಚಹಾದ ಪಕ್ಕದಲ್ಲಿಟ್ಟ. ನಾಲ್ಕನೆಯದು ಇನ್ನೂ ಬಾಕಿ ಇತ್ತು.